ಆಫೀಸ್ ಬದಲಿಸುವ ಮೊದಲು ಕಡತ ಬಿಚ್ಚಿ ನೋಡಿದೆವು

ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದ ಪತ್ತಿನ ಸಹಕಾರ ಸಂಘದಲ್ಲಿ ನಾನು ಲೆಕ್ಕಿಗ. ಕಂಪ್ಯೂಟರ್ ಕೈಕೊಟ್ಟಾಗ ಎಲ್ಲರೂ ಕರೆಯುವುದು ನನ್ನನ್ನೇ, ಹಾಗಾಗಿ ಆ ಕೆಲಸವೂ ಹದಿನಾಲ್ಕು ವರ್ಷದಿಂದ ನನ್ನ ಪಾಲಿಗಿದೆ. ಪ್ರಧಾನ ಕಚೇರಿ, ಎರಡು ಶಾಖೆ ಸೇರಿ 11 ಕಂಪ್ಯೂಟರ್. ಠೇವಣಿ, ಸಾಲ, ಪಿಗ್ಮಿ ಲೆಕ್ಕಕ್ಕೆ ಬೇರೆ ತಂತ್ರಾಂಶವಿದೆ, ಅದರ ಮಾತು ಇಲ್ಲಿಲ್ಲ. ಅದನ್ನು ಬಿಟ್ಟು ಮಿಕ್ಕಿದ್ದೆಲ್ಲ ನಡೆಯುವುದು ಮೈಕ್ರೋಸಾಫ್ಟ್ ಆಫೀಸ್‌ನ ವರ್ಡ್ ಮತ್ತು ಎಕ್ಸೆಲ್‌ನಲ್ಲಿ: ಸುಸ್ತಿ ನೋಟಿಸ್, ಆಡಳಿತ ಮಂಡಳಿಯ ನಡಾವಳಿ, ಸದಸ್ಯರ ಪಟ್ಟಿ, ಮಹಾಸಭೆಯ ವರದಿ, ಸಿಬ್ಬಂದಿಯ ಸಂಬಳದ ಹಾಳೆ.

2024ರ ನವೆಂಬರ್ ಸಭೆಯಲ್ಲಿ ನಿರ್ದೇಶಕರೊಬ್ಬರು ಕೇಳಿದರು: “ಬರೋ ಅಕ್ಟೋಬರ್‌ಗೆ ವಿಂಡೋಸ್ 10 ನಿಂತು ಹೋಗ್ತದಂತೆ, ನಮ್ಮ ಆಫೀಸೂ ಹಳೇದಾಯ್ತಂತೆ. ಎಲ್ಲಾ ಹೊಸದು ಹಾಕಿಸ್ಬೇಕಾ?” ಅಷ್ಟು ಹೊತ್ತಿಗೆ ಊರಿನ ಅಂಗಡಿಯವರೊಬ್ಬರು ಹನ್ನೊಂದಕ್ಕೂ ವರ್ಷದ ಚಂದಾ ಕಟ್ಟಿಸುವ ದರಪಟ್ಟಿ ಕೊಟ್ಟಾಗಿತ್ತು. ಅಧ್ಯಕ್ಷರು ಅದನ್ನು ನನ್ನ ಕಡೆ ಸರಿಸಿ, “ನೀವೇ ಕೂತು ನೋಡಿ. ಫೆಬ್ರವರಿ ಸಭೆಗೆ ಒಂದು ಟಿಪ್ಪಣಿ ತನ್ನಿ” ಎಂದರು.

ಆ ಟಿಪ್ಪಣಿ ಬರೆಯಲು ನನಗೆ ಮೂರು ತಿಂಗಳೇ ಹಿಡಿಯಿತು. ನಮ್ಮಂಥ ಸಂಘ, ಶಾಲೆ, ವಕೀಲರ ಕಚೇರಿ, ಸಣ್ಣ ಗಿರಣಿ ಎಲ್ಲೆಲ್ಲೂ ಇದೇ ಪ್ರಶ್ನೆ ಇದೆ. ಅದಕ್ಕೆ ನಾನು ಮಾಡಿದ್ದನ್ನು ಮಾಡಿದ ಹಾಗೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು “ನಿಂತು ಹೋಗುತ್ತದೆ” ಅನ್ನುವ ಮಾತು. ಬೆಂಬಲ ಮುಗಿದ ಮಾರನೆಯ ದಿನ ಯಾವ ತಂತ್ರಾಂಶವೂ ನಿಲ್ಲುವುದಿಲ್ಲ. ನಮ್ಮಲ್ಲಿದ್ದ ಆಫೀಸ್ 2010ರ ಬೆಂಬಲ 2020ರ ಅಕ್ಟೋಬರ್ 13ಕ್ಕೇ ಮುಗಿದಿತ್ತು. ಅದಾದ ಮೇಲೆ ನಾಲ್ಕು ವರ್ಷ ಅದರಲ್ಲೇ ನೋಟಿಸ್ ಹೊಡೆದಿದ್ದೇವೆ. ನಿಲ್ಲುವುದು ಭದ್ರತೆಯ ತೇಪೆ ಮಾತ್ರ. ಹೊಸದಾಗಿ ತೂತು ಪತ್ತೆಯಾದರೆ ಮುಚ್ಚಲು ಯಾರೂ ಬರುವುದಿಲ್ಲ. ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ ಅನ್ನುವುದಕ್ಕೆ ನನಗೆ ಎರಡು ಉದಾಹರಣೆ ಸಾಕಾಗಿತ್ತು. ವರ್ಡ್‌ನ ಹಳೆಯ ಸಮೀಕರಣ ಸಂಪಾದಕದಲ್ಲಿ ಹದಿನೇಳು ವರ್ಷದಿಂದ ಇದ್ದ ಒಂದು ದೋಷ 2017ರ ನವೆಂಬರ್‌ನಲ್ಲಿ ಬಯಲಾಯಿತು, 2018ರ ಜನವರಿಯಲ್ಲಿ ಆ ಭಾಗವನ್ನೇ ಮೈಕ್ರೋಸಾಫ್ಟ್ ಕಿತ್ತುಹಾಕಿತು. 2022ರ ಮೇನಲ್ಲಿ ‘ಫೋಲಿನಾ’ ಎಂದು ಹೆಸರಾದ ಇನ್ನೊಂದು ಬಂತು. ಮ್ಯಾಕ್ರೋ, ಅಂದರೆ ಕಡತದೊಳಗೆ ಬರೆದಿಟ್ಟ ಆಜ್ಞೆಗಳು, ಇಲ್ಲದ ಬರೀ ವರ್ಡ್ ಕಡತ ತೆರೆದರೂ ಕಂಪ್ಯೂಟರ್ ಬೇರೆಯವರ ಕೈಗೆ ಹೋಗುವಂಥದ್ದು ಅದು. ನಮ್ಮ ಕೌಂಟರ್‌ನ ಹುಡುಗಿಯರಿಗೆ ದಿನಾ ಹತ್ತಾರು ಇ-ಮೇಲ್ ಬರುತ್ತವೆ, ಅರ್ಧಕ್ಕೆ ಲಗತ್ತು ಇರುತ್ತದೆ. ಹಾಗಾಗಿ ‘ಏನೂ ಮಾಡದೆ ಸುಮ್ಮನಿರೋಣ’ ಅನ್ನುವ ದಾರಿಯನ್ನು ನಾನು ಮೊದಲ ವಾರವೇ ಕೈಬಿಟ್ಟೆ. ಆಫೀಸ್ 2016 ಮತ್ತು 2019ಕ್ಕೆ ಕೊನೆಯ ದಿನ 2025ರ ಅಕ್ಟೋಬರ್ 14. ವಿಂಡೋಸ್ 10ಕ್ಕೂ ಅದೇ ದಿನ.

ಆಮೇಲೆ ಎಣಿಕೆ. ಹನ್ನೊಂದರಲ್ಲಿ ಏನೇನಿದೆ ಎಂದು ಒಂದು ಹಾಳೆಯಲ್ಲಿ ಬರೆಯುತ್ತ ಹೋದೆ. ಐದರಲ್ಲಿ ಆಫೀಸ್ 2010, ಐದರಲ್ಲಿ 2016, ಒಂದರಲ್ಲಿ ಮಾತ್ರ 2019. ಪರವಾನಗಿ ಕೀಲಿಯ ವಿಷಯಕ್ಕೆ ಬಂದಾಗ ಎದೆ ಧಸಕ್ಕೆಂದಿತು. ಆಫೀಸ್ ಇರುವ ಫೋಲ್ಡರ್‌ನಲ್ಲಿಯೇ ಒಂದು ಚಿಕ್ಕ ಆಜ್ಞಾಕಡತ ಇರುತ್ತದೆ. ಅದನ್ನು ಕಮಾಂಡ್ ಕಿಟಕಿಯಲ್ಲಿ ನಡೆಸಿದರೆ ಪರವಾನಗಿ ಯಾವ ಬಗೆಯದು, ಕೀಲಿಯ ಕೊನೆಯ 5 ಅಕ್ಷರ ಯಾವುದು ಎಂದು ತೋರಿಸುತ್ತದೆ. ಹೀಗೆ ನೋಡಿದಾಗ ಮೂರು ಕಂಪ್ಯೂಟರ್‌ನಲ್ಲಿ ಅವೇ ಐದು ಅಕ್ಷರ! ಮೂರೂ ‘ಹೋಮ್ ಅಂಡ್ ಸ್ಟೂಡೆಂಟ್’ ಆವೃತ್ತಿ. ಮನೆಯಲ್ಲಿ ಮೂರು ಕಂಪ್ಯೂಟರ್‌ಗೆ ಹಾಕಿಕೊಳ್ಳಬಹುದಾದ, ವ್ಯವಹಾರಕ್ಕೆ ಬಳಸಕೂಡದ ಪರವಾನಗಿ ಅದು. ಎಷ್ಟೋ ವರ್ಷದ ಹಿಂದೆ ಮಾರಿದವರು ಅದನ್ನೇ ಸಂಘಕ್ಕೆ ಹಾಕಿಕೊಟ್ಟು ಬಿಲ್ಲಿನಲ್ಲಿ ಬರೀ “ಆಫೀಸ್ 2010” ಎಂದು ಬರೆದಿದ್ದರು. ಬಿಲ್ಲು ಮಂಜೂರು ಮಾಡುವಾಗ ಆವೃತ್ತಿಯ ಹೆಸರನ್ನು ನಾನೂ ಓದಿರಲಿಲ್ಲ. ಜನರ ಠೇವಣಿ ಇಟ್ಟುಕೊಂಡು ನಡೆಯುವ ಸಂಸ್ಥೆ ನಮ್ಮದು. ಇಂಥ ಹಾಳೆ ಲೆಕ್ಕಪರಿಶೋಧನೆಯಲ್ಲಿ ಸಿಕ್ಕರೆ ಏನೆಂದು ಉತ್ತರ ಹೇಳುವುದು? ಆ ಮೂರನ್ನು ಏನೇ ಆದರೂ ತೆಗೆಯಲೇಬೇಕು ಎಂದು ಆ ಸಂಜೆಯೇ ವ್ಯವಸ್ಥಾಪಕರಿಗೆ ಬರೆದುಕೊಟ್ಟೆ.

ಇಲ್ಲಿಯವರೆಗೆ ಎಲ್ಲರೂ ಮಾಡುವ ಕೆಲಸವೇ. ಟಿಪ್ಪಣಿಯ ದಿಕ್ಕು ತಿರುಗಿದ್ದು ನಾನು ತಂತ್ರಾಂಶ ಬಿಟ್ಟು ಕಡತಗಳನ್ನು ನೋಡಲು ಶುರುಮಾಡಿದಾಗ.

ಡಿಸೆಂಬರ್‌ನಲ್ಲಿ ಒಂದು ಹೊಸ ಕಂಪ್ಯೂಟರ್ ತರಿಸಿ ಅದರಲ್ಲಿ ವಿಂಡೋಸ್ 11 ಮತ್ತು ಆಫೀಸ್‌ನ ಒಂದು ತಿಂಗಳ ಉಚಿತ ಪರೀಕ್ಷಾ ಆವೃತ್ತಿ ಹಾಕಿದೆ. ನಮ್ಮ ಹಿರಿಯ ಗುಮಾಸ್ತೆಯವರನ್ನು, ಇಡೀ ಕಚೇರಿ ‘ಅಕ್ಕ’ ಎಂದೇ ಕರೆಯುತ್ತದೆ, ಅದರ ಮುಂದೆ ಕೂರಿಸಿದೆ. ಅಕ್ಕ ಎಂದಿನ ಸುಸ್ತಿ ನೋಟಿಸ್ ತೆರೆದರು. ಎರಡು ಕ್ಷಣ ಸುಮ್ಮನಿದ್ದು, “ನೋಡು ಮಾರಾಯ, ನೋಟಿಸ್ ಪೂರ್ತಿ ಇಂಗ್ಲಿಷ್ ಆಗಿಹೋಯ್ತು” ಎಂದರು.

ಕರ್ನಾಟಕದ ಯಾವ ಕಚೇರಿಯಲ್ಲಿ ಕೆಲಸ ಮಾಡಿದವರಿಗೂ ಈ ದೃಶ್ಯ ಗೊತ್ತು. ಅದು ಇಂಗ್ಲಿಷೂ ಅಲ್ಲ. ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಬೆರಳಚ್ಚು ಮಾಡಿದ ಕನ್ನಡ ಕಂಪ್ಯೂಟರ್‌ನ ಒಳಗೆ ಕನ್ನಡವೇ ಅಲ್ಲ. ರೋಮನ್ ಅಕ್ಷರಗಳ ಮತ್ತು ಚಿಹ್ನೆಗಳ ಸಾಲು. ಆ ಸಾಲಿಗೆ ನುಡಿ ಫಾಂಟ್ ಕನ್ನಡದ ವೇಷ ತೊಡಿಸುತ್ತದೆ. ಫಾಂಟ್ ಇಲ್ಲದ ಕಂಪ್ಯೂಟರ್‌ಗೆ ಹೋದರೆ ವೇಷ ಕಳಚುತ್ತದೆ. ಹೊಸ ಕಂಪ್ಯೂಟರ್‌ಗೆ ನಾನು ಫಾಂಟ್ ಹಾಕಿರಲಿಲ್ಲ, ಅಷ್ಟೇ. ಹಾಕಿದ ಮೇಲೆ ಕನ್ನಡ ಬಂತು. ಆದರೆ ಅಕ್ಕ ಹೊಸ ಸಾಲು ಬೆರಳಚ್ಚು ಮಾಡಲು ಹೋದಾಗ ವಾಕ್ಯದ ಮೊದಲ ಅಕ್ಷರ ಬೇರೆ ಏನೋ ಆಗುತ್ತಿತ್ತು. ಕಾರಣ ಹುಡುಕಲು ಅರ್ಧ ಗಂಟೆ ಬೇಕಾಯಿತು. ವಾಕ್ಯದ ಮೊದಲಕ್ಷರವನ್ನು ದೊಡ್ಡಕ್ಷರ ಮಾಡುವ ವರ್ಡ್‌ನ ಸ್ವಯಂ ತಿದ್ದುಪಡಿ ಹೊಸ ಸ್ಥಾಪನೆಯಲ್ಲಿ ಚಾಲೂ ಇತ್ತು. ವರ್ಡ್‌ನ ಕಣ್ಣಿಗೆ ಅದು ರೋಮನ್ ಸಣ್ಣಕ್ಷರ. ಅದನ್ನು ದೊಡ್ಡಕ್ಷರ ಮಾಡಿದ ಕೂಡಲೇ ಕನ್ನಡದಲ್ಲಿ ಬೇರೆಯದೇ ಚೂರು ಕಾಣಿಸುತ್ತದೆ. ಹಳೆಯ ಕಂಪ್ಯೂಟರ್‌ಗಳಲ್ಲಿ ಇದನ್ನು ಯಾರೋ ಯಾವಾಗಲೋ ಆರಿಸಿಟ್ಟಿದ್ದರು, ನಮಗೆ ನೆನಪಿರಲಿಲ್ಲ.

ಅಂದು ರಾತ್ರಿ ನನಗೆ ಸ್ಪಷ್ಟವಾಯಿತು. ನಮ್ಮ ಕಚೇರಿಯಲ್ಲಿ ಹಳೆಯದಾಗಿರುವುದು ಆಫೀಸ್ ಅಷ್ಟೇ ಅಲ್ಲ, ನಮ್ಮ ಕನ್ನಡವೇ ಹಳೆಯ ಗೂಡಿನಲ್ಲಿ ಕೂತಿದೆ. ಎಷ್ಟೇ ದುಡ್ಡು ಕೊಟ್ಟು ಯಾವ ಆವೃತ್ತಿ ತಂದರೂ ಅದು ಹೊರಗೆ ಬರುವುದಿಲ್ಲ. ಸದಸ್ಯರ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಹೆಸರಿನ ಪ್ರಕಾರ ಜೋಡಿಸಿದರೆ ಅಕಾರಾದಿ ಬರುತ್ತಿರಲಿಲ್ಲ, ಯಾಕೆಂದರೆ ಎಕ್ಸೆಲ್ ಜೋಡಿಸುತ್ತಿದ್ದದ್ದು ಒಳಗಿನ ರೋಮನ್ ಸಂಕೇತಗಳನ್ನು. ಪಿಡಿಎಫ್‌ನಿಂದ ಒಂದು ಠರಾವನ್ನು ನಕಲು ಮಾಡಿ ಮೊಬೈಲ್‌ನಲ್ಲಿ ಕಳಿಸಿದರೆ ಕಸ ಹೋಗುತ್ತಿತ್ತು. ಇದನ್ನೆಲ್ಲ ನಾವು ಇಷ್ಟು ವರ್ಷ ಕಂಪ್ಯೂಟರ್‌ನ ಸ್ವಭಾವ ಎಂದೇ ನಂಬಿಕೊಂಡು ಬಂದಿದ್ದೆವು.

ಹಾಗಾಗಿ ಪ್ರಶ್ನೆಯನ್ನೇ ಬದಲಿಸಿಕೊಂಡೆ. ಯಾವ ಕಡತ ಮುಂದಿನ ಹತ್ತು ವರ್ಷ ಜೀವಂತ ಇರಬೇಕು? ಅದನ್ನು ದಿನಾ ಮುಟ್ಟುವವರು ಯಾರು? ಅವರಿಗೆ ಏನು ಬೇಕು?

ಎಲ್ಲ ಕಂಪ್ಯೂಟರ್‌ಗಳ ಕಡತಗಳನ್ನು ಎರಡು ಹೊರಗಿನ ಹಾರ್ಡ್ ಡಿಸ್ಕ್‌ಗೆ ನಕಲು ಮಾಡಿ, ಒಂದನ್ನು ಸಂಘದ ತಿಜೋರಿಯಲ್ಲಿಟ್ಟು, ಇನ್ನೊಂದನ್ನು ಇಟ್ಟುಕೊಂಡು ಕೂತೆ. ಮೂರು ಗುಂಪು ಮಾಡಿದೆ. ಬರೀ ಓದಲು ಬೇಕಾದವು: ಹಳೆಯ ನಡಾವಳಿ, ಮುಗಿದ ಸಾಲಗಳ ಪತ್ರವ್ಯವಹಾರ. ವರ್ಷಕ್ಕೊಮ್ಮೆ ಏಳುವವು: ಮಹಾಸಭೆಯ ವರದಿ, ಡಿವಿಡೆಂಡ್ ಪಟ್ಟಿ, ಆಮಂತ್ರಣ. ದಿನನಿತ್ಯದವು: ಸುಸ್ತಿ ನೋಟಿಸ್, ಸದಸ್ಯರ ಪಟ್ಟಿ, ರಸೀದಿ ಹಾಳೆ, ಸಂಬಳದ ಹಾಳೆ. ಈ ಮೂರನೆಯ ಗುಂಪಿನಲ್ಲಿದ್ದದ್ದು ಬರೀ ಹತ್ತೊಂಬತ್ತು ಕಡತ. ಇಷ್ಟು ವರ್ಷದ ಸಾವಿರಾರು ಕಡತಗಳ ನಡುವೆ ಕಚೇರಿ ನಿಂತಿರುವುದು ಹತ್ತೊಂಬತ್ತರ ಮೇಲೆ. ಇದು ಗೊತ್ತಾದ ಮೇಲೆ ಭಯ ಅರ್ಧ ಇಳಿಯಿತು.

ಈ ಹತ್ತೊಂಬತ್ತನ್ನು ಒಂದೊಂದಾಗಿ ಹೊಸ ಕಂಪ್ಯೂಟರ್‌ನಲ್ಲಿ ನಡೆಸಿದೆವು. ತೆರೆದು ನೋಡಿ ಮುಚ್ಚಿದ್ದಲ್ಲ. ಆ ಕಡತದಲ್ಲಿ ನಿಜವಾಗಿ ಮಾಡುವ ಕೆಲಸವನ್ನು ಪೂರ್ತಿ ಮಾಡಿ, ಮುದ್ರಿಸಿ, ಹಳೆಯ ಕಾಗದದ ಪಕ್ಕ ಇಟ್ಟು ಹೋಲಿಸಿದೆವು. ಕಾಗದದ ಮೇಲೆ ಹೋಲಿಸದಿದ್ದರೆ ಮುಂದೆ ಹೇಳುವ ದಿನಾಂಕದ ತಪ್ಪು ನಮಗೆ ಸಿಗುತ್ತಲೇ ಇರಲಿಲ್ಲ.

ಸುಸ್ತಿ ನೋಟಿಸ್‌ಗೆ ಬೇಕಾದ ಪಟ್ಟಿ ನಮ್ಮ ಲೆಕ್ಕದ ತಂತ್ರಾಂಶದಿಂದ ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಪಠ್ಯ ಕಡತವಾಗಿ ಬರುತ್ತದೆ. ಅದನ್ನು ಎಕ್ಸೆಲ್‌ನಲ್ಲಿ ತೆರೆದು, ವರ್ಡ್‌ನ ಮೇಲ್ ಮರ್ಜ್‌ಗೆ ಕೊಟ್ಟು, ಒಬ್ಬೊಬ್ಬ ಸಾಲಗಾರನಿಗೂ ಜಾಮೀನುದಾರನಿಗೂ ನೋಟಿಸ್ ತೆಗೆಯುತ್ತೇವೆ. ಹೊಸ ಕಂಪ್ಯೂಟರ್‌ನಲ್ಲಿ ಮುದ್ರಿಸಿದ ನೋಟಿಸ್ ಹಿಡಿದುಕೊಂಡು ಅಕ್ಕ, “ಇವರ ಕಂತು ಏಪ್ರಿಲ್ ಐದಕ್ಕಲ್ವಾ? ಇದರಲ್ಲಿ ಮೇ ನಾಲ್ಕು ಅಂತ ಬಂದದೆ” ಎಂದರು. ನೋಡಿದರೆ ಹೌದು. 05/04/2024 ಅನ್ನುವುದನ್ನು ಎಕ್ಸೆಲ್ ಮೇ 4 ಎಂದು ಓದಿತ್ತು. ಕಂಪ್ಯೂಟರ್ ಬಂದಾಗ ವಿಂಡೋಸ್‌ನ ಪ್ರಾಂತ್ಯದ ಆಯ್ಕೆ ಅಮೆರಿಕ ಎಂದೇ ಉಳಿದಿತ್ತು, ನಾನು ಬದಲಿಸಿರಲಿಲ್ಲ. ಅಮೆರಿಕದಲ್ಲಿ ತಿಂಗಳು ಮೊದಲು, ದಿನ ಆಮೇಲೆ.

ಇದರ ಅಪಾಯ ಏನೆಂದರೆ ಎಲ್ಲ ದಿನಾಂಕವೂ ತಪ್ಪುವುದಿಲ್ಲ. ದಿನ 12ರೊಳಗೆ ಇದ್ದರೆ ಮಾತ್ರ ತಿರುವುಮುರುವಾಗುತ್ತದೆ. 25/04/2024 ಎಂದಿದ್ದರೆ ಇಪ್ಪತ್ತೈದನೆಯ ತಿಂಗಳು ಇಲ್ಲವಲ್ಲ, ಹಾಗಾಗಿ ಎಕ್ಸೆಲ್ ಅದನ್ನು ದಿನಾಂಕ ಎಂದೇ ಒಪ್ಪದೆ ಬರೀ ಅಕ್ಷರ ಎಂದು ಬಿಟ್ಟುಬಿಡುತ್ತದೆ. ಕಣ್ಣಿಗೆ ಅದು ಸರಿಯಾಗಿಯೇ ಕಾಣುತ್ತದೆ. ಗುರುತು ಹಿಡಿಯಲು ಒಂದು ಸುಲಭ ಉಪಾಯವಿದೆ: ಕಾಲಂನಲ್ಲಿ ಕೆಲವು ದಿನಾಂಕ ಬಲಕ್ಕೆ ಅಂಟಿ, ಕೆಲವು ಎಡಕ್ಕೆ ಅಂಟಿ ನಿಂತಿದ್ದರೆ ಏನೋ ಕೆಟ್ಟಿದೆ ಎಂದರ್ಥ. ಬಲಕ್ಕಿರುವುದು ದಿನಾಂಕ, ಎಡಕ್ಕಿರುವುದು ಅಕ್ಷರ. ಅದೇ ಹಾಳೆಯಲ್ಲಿ ಮೊತ್ತಗಳು 12,50,000 ಎನ್ನುವ ಬದಲು 1,250,000 ಎಂದು ಬಂದಿದ್ದವು. ಲಕ್ಷದ ಜಾಗದಲ್ಲಿ ಅಲ್ಪವಿರಾಮ ಇಲ್ಲದಿರುವುದನ್ನು ನಾನು ಮೊದಲೇ ಗಮನಿಸಿದ್ದರೆ ಪ್ರಾಂತ್ಯದ ಆಯ್ಕೆ ತಪ್ಪಿದೆ ಎಂದು ಆಗಲೇ ತಿಳಿಯುತ್ತಿತ್ತು. ಪ್ರಾಂತ್ಯವನ್ನು ಭಾರತ ಎಂದು ಮಾಡಿದ ಮೇಲೆ ಎರಡೂ ಸರಿಹೋದವು. ಆ ನೋಟಿಸ್ ಸಾಲಗಾರನ ಮನೆಗೆ ಹೋಗಿದ್ದರೆ, ಒಂದು ತಿಂಗಳ ಬಡ್ಡಿಯ ತಕರಾರು ಎದ್ದಿದ್ದರೆ, ನಾವು ನಿಂತು ಉತ್ತರ ಕೊಡುವ ಸ್ಥಿತಿಯಲ್ಲಿರುತ್ತಿರಲಿಲ್ಲ.

ಇನ್ನೊಂದು ದೊಡ್ಡ ಗಂಟು ರಸೀದಿ ಹಾಳೆಯದು. ಅಂಕಿಯಲ್ಲಿ ಬರೆದ ಮೊತ್ತವನ್ನು ಅಕ್ಷರದಲ್ಲಿ ಬರೆಯುವ ಮ್ಯಾಕ್ರೋ ಅದರಲ್ಲಿದೆ. ಮೈಕ್ರೋಸಾಫ್ಟ್ ಮಾದರಿಯಾಗಿ ಕೊಡುವ ಮ್ಯಾಕ್ರೋ ಡಾಲರ್, ಮಿಲಿಯನ್ ಲೆಕ್ಕದ್ದು. ಅದನ್ನು ಲಕ್ಷ, ಕೋಟಿಗೆ ತಿದ್ದಿ, ಕನ್ನಡ ಮಾಡಿಕೊಂಡು 2013ರಲ್ಲಿ ನಾನೇ ಬರೆದಿದ್ದೆ. ಕನ್ನಡದಲ್ಲಿ ಇದು ಸುಲಭವಲ್ಲ. ಇಂಗ್ಲಿಷ್‌ನಲ್ಲಿ ಇಪ್ಪತ್ತರವರೆಗಿನ ಪದಗಳು ಮತ್ತು ಹತ್ತುಗಳ ಹೆಸರು ಗೊತ್ತಿದ್ದರೆ ಉಳಿದದ್ದನ್ನು ಜೋಡಿಸಬಹುದು. ನಮ್ಮಲ್ಲಿ ಇಪ್ಪತ್ತೈದು, ನಲವತ್ತೊಂಬತ್ತು ಎಲ್ಲ ಸಂಧಿಯಾಗಿ ಬರುತ್ತವೆ, ಹಾಗಾಗಿ 99ರವರೆಗೂ ಪಟ್ಟಿ ಬೇಕು. ನೂರರ ಲೆಕ್ಕದಲ್ಲಿ ಇನ್ನೂರು, ಮುನ್ನೂರು, ನಾನೂರು, ಐನೂರು, ಒಂಬೈನೂರು ಎಂದು ಒಂದೊಂದಕ್ಕೆ ಒಂದೊಂದು ರೂಪ. ಮುಂದೆ ಏನೂ ಇಲ್ಲದಿದ್ದರೆ ಮುನ್ನೂರು, ಇದ್ದರೆ ಮುನ್ನೂರ. ಸಾವಿರ, ಸಾವಿರದ, ಲಕ್ಷ, ಲಕ್ಷದ. 1,25,340 ಬಂದರೆ “ಒಂದು ಲಕ್ಷದ ಇಪ್ಪತ್ತೈದು ಸಾವಿರದ ಮುನ್ನೂರ ನಲವತ್ತು ರೂಪಾಯಿ ಮಾತ್ರ” ಎಂದೇ ಬರಬೇಕು. ನಮ್ಮ ಸದಸ್ಯರು ರಸೀದಿಯನ್ನು ಗಟ್ಟಿಯಾಗಿ ಓದಿ ನೋಡಿಯೇ ಜೇಬಿಗೆ ಹಾಕಿಕೊಳ್ಳುವವರು.

ಹಳೆಯ ಮ್ಯಾಕ್ರೋ ಒಳಗೆ ಈ ಪದಗಳೆಲ್ಲ ನುಡಿಯ ರೋಮನ್ ಸಂಕೇತದಲ್ಲಿದ್ದವು. ಅವನ್ನು ಯುನಿಕೋಡ್ ಕನ್ನಡಕ್ಕೆ, ಅಂದರೆ ಕಂಪ್ಯೂಟರ್‌ನ ಒಳಗೂ ಕನ್ನಡವಾಗಿಯೇ ಇರುವ ಸಂಕೇತಕ್ಕೆ, ಬದಲಿಸಿ ಅಂಟಿಸಿದೆ. ಎಲ್ಲವೂ ಪ್ರಶ್ನಾರ್ಥಕ ಚಿಹ್ನೆ ಆಯಿತು. ಆವೃತ್ತಿ ಹೊಸದಾದರೂ ಎಕ್ಸೆಲ್‌ನ ಮ್ಯಾಕ್ರೋ ಬರೆಯುವ ಕಿಟಕಿ ಇನ್ನೂ ಹಳೆಯ ಕಾಲದ್ದೇ, ಅದಕ್ಕೆ ಯುನಿಕೋಡ್ ತಿಳಿಯುವುದಿಲ್ಲ. ಎರಡು ದಿನ ಒದ್ದಾಡಿ ಕಂಡುಕೊಂಡ ದಾರಿ ಇದು: ಮ್ಯಾಕ್ರೋ ಒಳಗೆ ಕನ್ನಡ ಬರೆಯಲೇಬೇಡಿ. ಅದೇ ಕಡತದಲ್ಲಿ ‘ಪದ’ ಎಂದು ಒಂದು ಹಾಳೆ ಮಾಡಿ, ಮೊದಲ ಕಾಲಂನಲ್ಲಿ ಅಂಕಿ, ಎರಡನೆಯದರಲ್ಲಿ ಒಂಟಿ ರೂಪ, ಮೂರನೆಯದರಲ್ಲಿ ಮುಂದುವರಿಯುವ ರೂಪ ಬರೆದಿಡಿ. ಹಾಳೆಯ ಕೋಶಕ್ಕೆ ಯುನಿಕೋಡ್ ಚೆನ್ನಾಗಿ ತಿಳಿಯುತ್ತದೆ. ಮ್ಯಾಕ್ರೋ ಅಲ್ಲಿಂದ ಓದಿಕೊಂಡರೆ ಸಾಕು. ಹೀಗೆ ಮಾಡಿದ್ದರಿಂದ ಇನ್ನೊಂದು ಲಾಭವಾಯಿತು. ‘ನಲವತ್ತು’ ಬೇಕೋ ‘ನಲ್ವತ್ತು’ ಬೇಕೋ ಎಂದು ಅಕ್ಕ ತಾವೇ ತಿದ್ದಿಕೊಳ್ಳುತ್ತಾರೆ, ಮ್ಯಾಕ್ರೋ ಮುಟ್ಟುವುದು ಬೇಕಿಲ್ಲ.

ಸಾಲದ ಅರ್ಜಿಯ ಹಾಳೆಯಲ್ಲಿದ್ದ ದಿನಾಂಕ ಆರಿಸುವ ಚಿಕ್ಕ ಪಂಚಾಂಗ ಹೊಸದರಲ್ಲಿ ಬರಲೇ ಇಲ್ಲ. ಆಫೀಸ್ 2019ರಿಂದ ಮಾಮೂಲಾಗಿ ಹಾಕಿದರೆ 64 ಬಿಟ್ ಆವೃತ್ತಿ ಬರುತ್ತದೆ. ಆ ಪಂಚಾಂಗದ ತುಣುಕು 32 ಬಿಟ್‌ಗೆ ಮಾತ್ರ ಇರುವಂಥದ್ದು. ಬೇಕಿದ್ದರೆ 32 ಬಿಟ್ಟನ್ನೇ ಆರಿಸಿ ಹಾಕಬಹುದಿತ್ತು. ಒಂದು ಪಂಚಾಂಗಕ್ಕಾಗಿ ಬೇಡ ಎನಿಸಿತು, ಕಿತ್ತುಹಾಕಿ ಕೈಯಲ್ಲೇ ದಿನಾಂಕ ಬರೆಯುವಂತೆ ಮಾಡಿದೆವು.

ಇನ್ನು ಆಯ್ಕೆಗಳು. ನನ್ನ ಮುಂದೆ ಇದ್ದದ್ದು ಮೂರು: ಒಂದೇ ಸಲ ಕೊಳ್ಳುವ ಆಫೀಸ್ 2024, ವರ್ಷವರ್ಷ ಕಟ್ಟುವ ಮೈಕ್ರೋಸಾಫ್ಟ್ 365, ಉಚಿತವಾದ ಲಿಬ್ರೆ ಆಫೀಸ್.

ಚಂದಾ ತಪ್ಪು ಎಂದು ನಾನು ಹೇಳುವುದಿಲ್ಲ. ನಾಲ್ಕೂರು ಸುತ್ತುವ, ಒಂದೇ ಕಡತವನ್ನು ಹಲವರು ಏಕಕಾಲಕ್ಕೆ ತಿದ್ದುವ ಕಚೇರಿಗೆ ಅದು ಸರಿ. ನಮ್ಮಲ್ಲಿ ಆ ಕೆಲಸವೇ ಇಲ್ಲ. ಮೇಲಾಗಿ ಸಹಕಾರ ಸಂಘದಲ್ಲಿ ಪ್ರತಿ ಖರ್ಚೂ ಮಂಡಳಿಯ ಮುಂದೆ ಬರಬೇಕು. ಯಾವುದಾದರೂ ಒಂದು ವರ್ಷ ಚುನಾವಣೆ, ಆಡಳಿತಾಧಿಕಾರಿ ಎಂದು ಮಂಜೂರಾತಿ ತಡವಾದರೆ ಚಂದಾ ಮುಗಿದು, ಕಡತ ನೋಡಬಹುದು, ಮುದ್ರಿಸಬಹುದು, ತಿದ್ದಲಾಗದು ಅನ್ನುವ ಸ್ಥಿತಿಗೆ ಬರುತ್ತದೆ. ಸುಸ್ತಿ ವಸೂಲಿಯ ನಡುವೆ ಹಾಗಾಗುವುದನ್ನು ನಾನು ಒಪ್ಪಲಾರೆ. ಐದು ವರ್ಷದ ಲೆಕ್ಕ ಹಾಕಿದಾಗ, ಶೇ 18ರ ಜಿಎಸ್‌ಟಿ ಸೇರಿಸಿ, ಚಂದಾ ಮೊತ್ತ ಒಂದೇ ಸಲ ಕೊಳ್ಳುವುದಕ್ಕಿಂತ ಹೆಚ್ಚಾಯಿತು. ಆಫೀಸ್ 2024ಕ್ಕೆ 2029ರ ಅಕ್ಟೋಬರ್ 9ರವರೆಗೆ ಬೆಂಬಲ ಇದೆ, ಹಾಗಾಗಿ ಐದು ವರ್ಷ ಎಂದೇ ಹೋಲಿಸಿದೆ. ಆಫೀಸ್ 2021 ಸ್ವಲ್ಪ ಅಗ್ಗಕ್ಕೆ ಸಿಗುತ್ತದೆ ಎಂದರು. ಅದರ ಬೆಂಬಲ 2026ರ ಅಕ್ಟೋಬರ್ 13ಕ್ಕೆ ಮುಗಿಯುತ್ತದೆ. ಎರಡೇ ವರ್ಷಕ್ಕೆ ಮತ್ತೆ ಇದೇ ಪಾಡು. ಬೇಡ ಎಂದೆ. ಕೆಲವು ನೂರು ರೂಪಾಯಿಗೆ ಕೀಲಿ ಮಾರುವವರ ದರವೂ ಒಬ್ಬರು ತೋರಿಸಿದರು. ಹೋಮ್ ಅಂಡ್ ಸ್ಟೂಡೆಂಟ್ ಕತೆ ಆದ ಮೇಲೆ ಅದನ್ನು ಕೈಯಲ್ಲೂ ಮುಟ್ಟಲಿಲ್ಲ.

ಲಿಬ್ರೆ ಆಫೀಸ್ ಬಗ್ಗೆ ನನಗೆ ಮೊದಲು ಅನುಮಾನವಿತ್ತು, ಬಳಸಿದ ಮೇಲೆ ಗೌರವ ಬಂತು. ಯುನಿಕೋಡ್ ಕನ್ನಡದ ಒತ್ತಕ್ಷರ, ಅರ್ಕಾವತ್ತು ಯಾವುದೂ ಮುರಿಯಲಿಲ್ಲ. ಒಂದೇ ಮಾತು ನೆನಪಿಡಬೇಕು: ಅದರಲ್ಲಿ ಕನ್ನಡದ ಫಾಂಟ್ ಮತ್ತು ಗಾತ್ರಕ್ಕೆ ಸಂಕೀರ್ಣ ಲಿಪಿಗಳ ಪ್ರತ್ಯೇಕ ಜಾಗ ಇದೆ. ಇಂಗ್ಲಿಷ್‌ನ ಜಾಗದಲ್ಲಿ ಬದಲಿಸಿದರೆ ಕನ್ನಡ ಮಿಸುಕುವುದಿಲ್ಲ. ಇದು ತಿಳಿಯದೆ ಎಷ್ಟೋ ಜನ ಅದನ್ನು ಅರ್ಧದಲ್ಲೇ ಬಿಟ್ಟಿರುವುದನ್ನು ನೋಡಿದ್ದೇನೆ. ಆದರೆ ನಮ್ಮ ರಸೀದಿ ಹಾಳೆಯ ಮ್ಯಾಕ್ರೋ ಅದರಲ್ಲಿ ಅರ್ಧಕ್ಕೆ ನಿಂತಿತು, ಎಕ್ಸೆಲ್ ಮ್ಯಾಕ್ರೋಗಳನ್ನು ಅದು ಪೂರ್ತಿ ನಡೆಸುವುದಿಲ್ಲ. ನಮ್ಮ ಪತ್ರದ ತಲೆಬರಹದಲ್ಲಿ ಎರಡು ಕೋಷ್ಟಕ ಒಂದರೊಳಗೊಂದು ಇವೆ, ಅವು ಸ್ವಲ್ಪ ಜಾರಿದವು. ಲೆಕ್ಕಪರಿಶೋಧಕರ ಕಚೇರಿಯಿಂದ, ಪಟ್ಟಿಯಲ್ಲಿ ಬೇಕಾದದ್ದನ್ನು ಹುಡುಕಿ ತರುವ ಎಕ್ಸ್‌ಲುಕಪ್ ಸೂತ್ರ ಇರುವ ಹಾಳೆಗಳು ಬರುತ್ತವೆ. ನಮ್ಮ 2016ರಲ್ಲಿ ತೆರೆದಾಗ ಅಂಕಿ ಕಾಣುತ್ತಿತ್ತು, ತಿದ್ದಿದ ಕೂಡಲೇ ಹೆಸರಿನ ದೋಷ ಎಂದು ತೋರಿಸುತ್ತಿತ್ತು. 2016ಕ್ಕೆ ಆ ಸೂತ್ರವೇ ಗೊತ್ತಿಲ್ಲ. ಲಿಬ್ರೆ ಆಫೀಸ್‌ಗೆ 2024ರ ಆಗಸ್ಟ್‌ನ 24.8 ಆವೃತ್ತಿಯಲ್ಲಿ ಅದು ಬಂದಿತ್ತು, ಹಾಳೆ ಸರಿಯಾಗಿಯೇ ನಡೆಯಿತು.

ಫೆಬ್ರವರಿ ಸಭೆಗೆ ನಾನು ಕೊಟ್ಟ ಟಿಪ್ಪಣಿ ಎರಡು ಪುಟ. ಮ್ಯಾಕ್ರೋ ಮತ್ತು ಮೇಲ್ ಮರ್ಜ್ ಬಳಸುವ ನಾಲ್ಕು ಜನರಿಗೆ ವ್ಯವಹಾರಕ್ಕೆ ಬಳಸಬಹುದಾದ ಆಫೀಸ್ 2024. ಪತ್ರ ಬರೆಯುವುದು, ಪಟ್ಟಿ ನೋಡುವುದು ಇಷ್ಟೇ ಇರುವ ಐದು ಕೌಂಟರ್‌ಗಳಿಗೆ ಲಿಬ್ರೆ ಆಫೀಸ್. ಒಂದು ಹಳೆಯ ಕಂಪ್ಯೂಟರ್ ಇಂಟರ್ನೆಟ್ ಇಲ್ಲದೆ, ನೆಟ್‌ವರ್ಕ್ ತಂತಿ ಕಿತ್ತು, ಸರಿಯಾದ ಪರವಾನಗಿಯ ಆಫೀಸ್ 2010 ಮತ್ತು ನುಡಿಯ ಹಳೆಯ ಫಾಂಟ್‌ಗಳ ಜೊತೆ ಹಳೆಯ ಕಡತಗಳಿಗಾಗಿ ಉಳಿಯಬೇಕು. ಉಳಿದ ಒಂದು ಗುಜರಿಗೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತೆಯ ಭಾಗ ಮತ್ತು ಇಂಟೆಲ್‌ನದಾದರೆ ಎಂಟನೆಯ ಅಥವಾ ಅದರ ನಂತರದ ಪೀಳಿಗೆಯ ಪ್ರೊಸೆಸರ್ ಬೇಕು. ನಮ್ಮ ಮೂರು ಕಂಪ್ಯೂಟರ್‌ಗೆ ಅದಿರಲಿಲ್ಲ, ಅವಕ್ಕೆ ಬದಲಿ ತರಬೇಕು. ದಿನನಿತ್ಯದ ಹತ್ತೊಂಬತ್ತು ಕಡತ ಯುನಿಕೋಡ್‌ಗೆ ಬದಲಾಗುವವರೆಗೆ ಯಾವ ಹಳೆಯ ಆಫೀಸನ್ನೂ ತೆಗೆಯಕೂಡದು. ಮಾರ್ಚ್‌ನಲ್ಲಿ ಏನನ್ನೂ ಮುಟ್ಟಬಾರದು.

ಒಬ್ಬ ನಿರ್ದೇಶಕರು, “ಒಂದೇ ಕಚೇರಿಯಲ್ಲಿ ಎರಡು ನಮೂನೆ ಯಾಕ್ರೀ? ಸಿಬ್ಬಂದಿ ಜಾಗ ಬದಲಾದ್ರೆ ಗೊಂದಲ ಆಗಲ್ವಾ?” ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಗೊಂದಲ ಆಗುತ್ತದೆ, ಆಯಿತು ಕೂಡ. ಅದಕ್ಕೆ ಎರಡು ಶನಿವಾರ ತರಬೇತಿಗೆ ಇಡಬೇಕೆಂದು ಕೇಳಿಕೊಂಡೆ. ಉಳಿದ ದುಡ್ಡಿನಲ್ಲಿ ಬದಲಿ ಕಂಪ್ಯೂಟರ್‌ಗಳ ಖರ್ಚಿನ ಒಂದು ಪಾಲು ಹುಟ್ಟುತ್ತದೆ ಎಂದು ತೋರಿಸಿದೆ. ಠರಾವು ಪಾಸಾಯಿತು.

ಏಪ್ರಿಲ್ ಮೂರನೆಯ ವಾರದಿಂದ ಪರಿವರ್ತನೆ ಶುರುಮಾಡಿದೆವು. ಈ ಕೆಲಸವೇ ಎಲ್ಲಕ್ಕಿಂತ ಹೆಚ್ಚು ಸಮಯ ತಿಂದದ್ದು. ಪರಿವರ್ತಕಗಳು ಸಿಗುತ್ತವೆ, ಅಂಟಿಸಿದರೆ ಕ್ಷಣದಲ್ಲಿ ಯುನಿಕೋಡ್ ಮಾಡಿಕೊಡುತ್ತವೆ. ಆದರೆ ನೋಟಿಸಿನ ನಡುವೆ ನಿಜವಾದ ಇಂಗ್ಲಿಷ್ ಇರುತ್ತದಲ್ಲ, ಖಾತೆ ಸಂಖ್ಯೆಯ ಮುಂದಿನ ಅಕ್ಷರ, ಕಾಯ್ದೆಯ ಕಲಂ, ಊರಿನ ಇನಿಷಿಯಲ್, ಅವೂ ಕನ್ನಡದ ಚೂರುಗಳಾಗಿಬಿಡುತ್ತವೆ. ಯಾವ ಪಠ್ಯ ನುಡಿ ಫಾಂಟ್‌ನಲ್ಲಿದೆ, ಯಾವುದು ಇಂಗ್ಲಿಷ್ ಫಾಂಟ್‌ನಲ್ಲಿದೆ ಎಂದು ನೋಡಿ ಬದಲಿಸುವ ಪರಿವರ್ತಕವನ್ನೇ ಹುಡುಕಬೇಕು. ಸದಸ್ಯರ ಪಟ್ಟಿಯಲ್ಲಿ 4,000ಕ್ಕೂ ಹೆಚ್ಚು ಹೆಸರು. ಪರಿವರ್ತಿಸಿದ ಮೇಲೆ ಇಬ್ಬರು ಕೂತು, ಒಬ್ಬರು ಷೇರು ಪುಸ್ತಕ ಓದುತ್ತ, ಇನ್ನೊಬ್ಬರು ಪರದೆ ನೋಡುತ್ತ, ಪೂರ್ತಿ ತಾಳೆ ಹಾಕಿದೆವು. ಅರ್ಕಾವತ್ತು ಇರುವ ಹೆಸರುಗಳಲ್ಲಿ ಒಂದಷ್ಟು ಎಡವಟ್ಟು ಸಿಕ್ಕವು. ಹಳೆಯ ಸಂಕೇತದಲ್ಲಿ ಅರ್ಕಾವತ್ತು ವ್ಯಂಜನದ ನಂತರ ಬರುತ್ತದೆ, ಯುನಿಕೋಡ್‌ನಲ್ಲಿ ಮೊದಲು. ಅದನ್ನು ತಿರುಗಿಸುವಾಗ ಒತ್ತಕ್ಷರ ಜೊತೆಗಿದ್ದರೆ ಪರಿವರ್ತಕ ತಡವರಿಸುತ್ತದೆ. ಒಬ್ಬ ಮನುಷ್ಯನ ಹೆಸರು ತಪ್ಪಾಗಿ ಬರೆದ ಕಾಗದ ಅವನ ಮನೆಗೆ ಹೋಗಬಾರದು. ಇದರಲ್ಲಿ ನಾನು ರಾಜಿ ಮಾಡಿಕೊಳ್ಳಲಿಲ್ಲ, ಒಂದು ತಿಂಗಳು ಹೆಚ್ಚಾದರೂ ಆಗಲಿ ಎಂದೆ.

ಅಕ್ಕನಿಗೆ ಇದ್ದ ಆತಂಕ ಬೇರೆ. ಇಪ್ಪತ್ತೆರಡು ವರ್ಷದ ಬೆರಳಿನ ಅಭ್ಯಾಸ ಮರೆತು ಹೊಸ ಕೀಲಿಮಣೆ ಕಲಿಯಬೇಕಾ ಎಂದು. ಬೇಕಾಗಲಿಲ್ಲ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವೇ ನುಡಿಯ ಯುನಿಕೋಡ್ ಬಗೆಯಲ್ಲೂ ಇದೆ. ಬೆರಳು ಒತ್ತುವುದು ಅದನ್ನೇ, ಒಳಗೆ ಬೀಳುವುದು ಮಾತ್ರ ನಿಜವಾದ ಕನ್ನಡ. ಮೊದಲ ದಿನ ಸಂಜೆ ಅಕ್ಕ ಸದಸ್ಯರ ಪಟ್ಟಿಯನ್ನು ಹೆಸರಿನ ಕಾಲಂ ಹಿಡಿದು ಜೋಡಿಸಿದರು. ಅಣ್ಣಪ್ಪನಿಂದ ಹಿಡಿದು ಹೂವಮ್ಮನವರೆಗೆ ಅಕಾರಾದಿಯಾಗಿ ಸಾಲು ನಿಂತಿತು. ಅಕ್ಕ ಪಟ್ಟಿಯನ್ನು ಕೆಳಗಿನವರೆಗೂ ಒಮ್ಮೆ ಎಳೆದು ನೋಡಿ, ಮತ್ತೆ ಮೇಲಕ್ಕೆ ಹೋಗಿ ಇನ್ನೊಮ್ಮೆ ನೋಡಿದರು.

ಜೂನ್ ಹೊತ್ತಿಗೆ ಹೊಸ ಕಂಪ್ಯೂಟರ್‌ಗಳು ಕೂತವು. ಶಾಖೆಯೊಂದರಲ್ಲಿ ಕೆಲವು ಹಳೆಯ ಪತ್ರಗಳ ಪುಟ ಹಿಗ್ಗಿ ಎರಡನೆಯ ಪುಟಕ್ಕೆ ಹೋಗುತ್ತಿದ್ದವು. ಅವು ತುಂಗಾ ಫಾಂಟ್‌ನಲ್ಲಿದ್ದವು. ವಿಂಡೋಸ್ 10ರಿಂದ ಈಚೆಗೆ ತುಂಗಾ ತಾನಾಗಿ ಬರುವುದಿಲ್ಲ, ಕನ್ನಡದ ಪೂರಕ ಫಾಂಟ್ ಎಂದು ಬೇರೆ ಹಾಕಿಕೊಳ್ಳಬೇಕು. ಅದಿಲ್ಲದಾಗ ನಿರ್ಮಲಾ ಬಂದು ಕೂರುತ್ತದೆ, ಸಾಲಿನ ಅಂತರ ಬದಲಾಗುತ್ತದೆ. ಹಾಕಿದ ಮೇಲೆ ಸರಿಹೋಯಿತು.

ನಾವು ಮೊದಲೇ ಯೋಚಿಸದೆ ಬಿಟ್ಟದ್ದು ಮುದ್ರಣಾಲಯ. ಆಗಸ್ಟ್‌ನಲ್ಲಿ ಮಹಾಸಭೆಯ ವರದಿ ಕೊಡಲು ಹೋದಾಗ ಅವರು, “ಸರ್, ನುಡಿಯಲ್ಲೇ ಕೊಡಿ, ನಮ್ಮ ಪೇಜ್‌ಮೇಕರ್ ಇದನ್ನ ತಗೊಳಲ್ಲ” ಎಂದರು. ಪುಟ ಜೋಡಿಸುವ ತಂತ್ರಾಂಶವಾದ ಪೇಜ್‌ಮೇಕರ್‌ನ ಕೊನೆಯ ದೊಡ್ಡ ಆವೃತ್ತಿ 2001ರದ್ದು, ಯುನಿಕೋಡ್ ಅದಕ್ಕೆ ತಿಳಿಯದು. ಅವರದ್ದೂ ತಪ್ಪಲ್ಲ, ಊರಿನ ಎಲ್ಲ ಕೆಲಸವೂ ಅವರಿಗೆ ಹಾಗೇ ಬರುತ್ತದೆ. ಕೊನೆಗೆ ಒಳಪುಟಗಳನ್ನೆಲ್ಲ ನಾವೇ ಅವರ ಅಳತೆಗೆ ವರ್ಡ್‌ನಲ್ಲಿ ಜೋಡಿಸಿ, ಫಾಂಟ್ ಸೇರಿಸಿದ ಪಿಡಿಎಫ್ ಕೊಟ್ಟೆವು. ಮುಖಪುಟ ಮಾತ್ರ ಅವರು ಮಾಡಿದರು. ಅಕ್ಕನಿಗೂ ನನಗೂ ನಾಲ್ಕು ರಾತ್ರಿ ಹಿಡಿಯಿತು. ಮುಂದಿನ ವರ್ಷ ಈ ಮಾತನ್ನು ಜೂನ್‌ನಲ್ಲೇ ಆಡಿಕೊಳ್ಳಬೇಕೆಂದು ಕಡತದ ಮೊದಲ ಪುಟದಲ್ಲೇ ಬರೆದಿಟ್ಟಿದ್ದೇನೆ.

ಸೆಪ್ಟೆಂಬರ್‌ನ ಮಹಾಸಭೆಯ ನೋಟಿಸ್‌ಗಳು ಹೊಸ ವ್ಯವಸ್ಥೆಯಿಂದಲೇ ಹೋದವು. ಹೆಸರು ತಪ್ಪಿದೆ ಎಂದು ಕಚೇರಿಗೆ ಬಂದವರು ಮೂವರು. ಮೂವರದ್ದೂ ಷೇರು ಪುಸ್ತಕದಲ್ಲೇ ಹಾಗಿತ್ತು. ಅಕ್ಟೋಬರ್ 14 ಮಂಗಳವಾರ ಬಂತು, ಹೋಯಿತು, ಕೌಂಟರ್‌ನಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ನೆಟ್‌ವರ್ಕ್ ಇಲ್ಲದ ಆ ಹಳೆಯ ಕಂಪ್ಯೂಟರ್ ಈಗ ದಾಖಲೆ ಕೋಣೆಯಲ್ಲಿದೆ. ತಿಂಗಳ ಮೊದಲ ಶನಿವಾರ ಮಧ್ಯಾಹ್ನ ಅಕ್ಕ ಮತ್ತು ನಾನು ಅದರ ಮುಂದೆ ಕೂತು ಹಳೆಯ ನಡಾವಳಿಗಳನ್ನು ಒಂದೊಂದಾಗಿ ಯುನಿಕೋಡ್‌ಗೆ ತರುತ್ತಿದ್ದೇವೆ, ಪ್ರತಿಯೊಂದನ್ನೂ ಸಹಿ ಮಾಡಿದ ಪುಸ್ತಕದ ಜೊತೆ ತಾಳೆ ನೋಡಿ. 2012ರಿಂದ ಹಿಂದಕ್ಕೆ ಹೋಗುತ್ತ ಈಗ 2009ರ ಜುಲೈ ಸಭೆಯಲ್ಲಿದ್ದೇವೆ.